ವರ್ನೀಟಾಳ ಕ್ಷಮಾಪಣೆ

"ಎದ್ದು ನಿಂತು ಹೇಳು," ಎಂದ ಮಾವ ಕ್ಲೀಟಸ್. "ಹಿಂದಿನ ಬೆಂಚಿಗೂ ಕೇಳ್ಬೇಕು."

ವರ್ನೀಟಾ ಎದ್ದಳು. ಮೆಂಫಿಸ್‌ನ ಆ ಪುಟ್ಟ ಚರ್ಚಿನಲ್ಲಿ ಬೀಸಣಿಗೆಗಳು ನಿಂತವು. ರಾತ್ರಿ ಕ್ಲಬ್ಬಿನಲ್ಲಿ ಸೋಲ್ ಸಂಗೀತದ ಪ್ರೇಮಗೀತೆ ಹಾಡುವವಳು ಸಭೆಯ ಮುಂದೆ ತಪ್ಪೊಪ್ಪಿಕೊಳ್ಳುವ ಭಾನುವಾರವನ್ನು ಯಾರು ತಾನೇ ತಪ್ಪಿಸಿಕೊಂಡಾರು?

ಅವಳ ಗಂಡ ಸತ್ತ ಮೂರೇ ತಿಂಗಳಿಗೆ ಕ್ಲೀಟಸ್ ಮೊಮ್ಮಗಳು ಲೂಡೀಯನ್ನು ತನ್ನ ಮನೆಗೆ ಎತ್ತಿಕೊಂಡು ಹೋಗಿದ್ದ. ಆತ ಸಭೆಯ ಹಿರಿಯ. ಪ್ರತಿ ಶನಿವಾರ ರಾತ್ರಿ ರೋಗಿಗಳಿಗಾಗಿ ಪ್ರಾರ್ಥಿಸಲು ಹೊರಡುವ ಪುಣ್ಯಾತ್ಮ. "ನಮ್ಮ ಕೀರ್ತನೆ ಕದ್ದು, ದೇವರ ಜಾಗದಲ್ಲಿ ಮಿಂಡನ್ನ ಕೂರಿಸಿದಾಳೆ. ಅವಳು ಪ್ರಶ್ನೆ ಕೇಳ್ತಾಳಂತೆ, ಕುಡುಕರು ಉತ್ತರ ಕೂಗ್ತಾರಂತೆ. ಇವಳೂ ಒಬ್ಬ ತಾಯಿ!" ಎಂದು ಪಾಸ್ಟರ್ ಮುಂದೆ ದೂರಿದ್ದ. ಆ ಹಾಡು ಇನ್ನೂ ರೆಕಾರ್ಡೇ ಆಗಿರಲಿಲ್ಲ; ಕ್ಲಬ್ಬಿಗೆ ಬಂದವರಷ್ಟೇ ಅದನ್ನು ಕೇಳಿದ್ದರು.

ಎರಡು ವರ್ಷದಿಂದ ವರ್ನೀಟಾಳದು ಒಂದೇ ಹಠ. ಅವನ ಮಾನ ಇದೇ ಬೆಂಚುಗಳ ನಡುವೆ ಹೋಗಬೇಕು, ಮಗಳು ಮನೆಗೆ ಬರಬೇಕು. ಅವಳಿಗೆ ಬೇರೇನೂ ಬೇಡವಾಗಿತ್ತು. ಆದರೆ ಕ್ಲಬ್ಬಿನ ದೀಪಗಳ ಎದುರು ಅವಳಿಗೆ ಉತ್ತರ ಕೂಗುವವರ ಮುಖ ಕಾಣುತ್ತಿರಲಿಲ್ಲ, ದನಿಯಷ್ಟೇ ಕೇಳುತ್ತಿತ್ತು. ಬರೀ ದನಿಯ ಸಾಕ್ಷಿಯನ್ನು ಯಾರು ನಂಬುತ್ತಾರೆ?

"ಹಾಡೋದು ಬಿಡ್ತೀನಿ, ಮಾವ. ಮಗು ಕೊಡಿ," ಎಂದಳು ಈಗ ಎಲ್ಲರಿಗೂ ಕೇಳುವಂತೆ.

"ಸಭೆ ಮುಂದೆ ಆಣೆ ಇಡು. ಕೊಡ್ತೀನಿ."

"ಇಡ್ತೀನಿ. ಅದಕ್ಕೆ ಮುಂಚೆ ಕದ್ದಿದ್ದನ್ನ ವಾಪಸ್ ಕೊಡ್ತೀನಿ. ಆ ಕೀರ್ತನೇನ ಇದ್ದ ಹಾಗೇ ಒಂದ್ಸಲ ಹಾಡ್ತೀನಿ. ಯಾವಾಗ್ಲಿನ ಹಾಗೆ ನೀವೇ ಉತ್ತರ ಕೊಡ್ಬೇಕು."

"ಈಗ ಬುದ್ಧಿ ಬಂತು ನೋಡಿ!" ಎಂದು ಕ್ಲೀಟಸ್ ಉಬ್ಬಿಹೋದ. ಆ ಸಭೆಯಲ್ಲಿ ಹಾಡನ್ನು ಸುಮ್ಮನೆ ಕೂತು ಕೇಳುವವರಿಲ್ಲ. ಹಾಡುವವರು ಪ್ರಶ್ನೆ ಕೇಳಬೇಕು, ಬೆಂಚುಗಳು ಉತ್ತರಿಸಬೇಕು. ಮೊದಲ ಉತ್ತರ ಯಾವತ್ತೂ ಅವನದೇ.

ಅವಳು ನಿಧಾನವಾಗಿ ಕೀರ್ತನೆ ಎತ್ತಿಕೊಂಡಳು. "ಕತ್ತಲಲ್ಲಿ ಕೈ ಹಿಡಿದವರು ಯಾರು?"

"ನಮ್ಮ ಕರ್ತನೇ!" ಎಂದ ಕ್ಲೀಟಸ್. ಸಭೆ ದನಿಗೂಡಿಸಿತು.

ಎರಡನೇ ಸಲವೂ ಹಾಗೇ ಆಯಿತು. ಚಪ್ಪಾಳೆ ಏರಿತು. ಲೂಡೀ ಅಜ್ಜನ ಪಕ್ಕದಲ್ಲಿ ಕುಣಿಯತೊಡಗಿದಳು. ವರ್ನೀಟಾ ಶ್ರುತಿ ಏರಿಸಿದಳು, ಹಿಮ್ಮಡಿಯಿಂದ ನೆಲ ಕುಟ್ಟಿ ಲಯ ಬಿಗಿಮಾಡಿದಳು. ಪದ ಒಂದೂ ಬದಲಾಗಲಿಲ್ಲ. ಕ್ಲೀಟಸ್ ಕಣ್ಣು ಮುಚ್ಚಿ ತೂಗುತ್ತಿದ್ದ, ಹಣೆಯಲ್ಲಿ ಬೆವರು. ಮೂರನೇ ಸಲ ಅವಳು ದನಿಯನ್ನು ಕ್ಲಬ್ಬಿನ ಶನಿವಾರ ರಾತ್ರಿಯ ಹಾಗೆ ತುಸು ಒಡೆದು, ಎಳೆದು, ಕೇಳಿದಳು. "ಕತ್ತಲಲ್ಲಿ ಕೈ ಹಿಡಿದವರು ಯಾರು?"

"ನಾನೇ ಕಣೇ, ಚಿನ್ನಾ! ಬಾ, ತೊಡೆ ಮೇಲೆ ಕೂತ್ಕೋ!" ಎಂದು ಮುಂದಿನ ಬೆಂಚನ್ನು ಮೇಜು ಕುಟ್ಟುವಂತೆ ಕುಟ್ಟಿ ಕೂಗಿದ ಸಭೆಯ ಹಿರಿಯ.