ತವರಿನ ಕಾಯಿ

"ಹೊಸ ರೂಲ್ಸು ಅಕ್ಕಾ. ತೆಂಗಿನಕಾಯಿ ವಿಮಾನದೊಳಗೆ ಬಿಡಲ್ಲ. ಆ ಕಸದ ಡಬ್ಬಕ್ಕೆ ಹಾಕಿ," ಎಂದಳು ತಪಾಸಣೆಗೆ ನಿಂತಿದ್ದ ಸೆಕ್ಯುರಿಟಿ ಹುಡುಗಿ.

ತವರಿನಿಂದ ಗಂಡನ ಮನೆಗೆ ಹೊರಟಿದ್ದ ಹೆಂಗಸು ಕಾಯಿಯನ್ನು ಎದೆಗವಚಿಕೊಂಡಳು. "ನಮ್ಮಮ್ಮ ಮಡಿಲು ತುಂಬಿ ಕೊಟ್ಟಿದ್ದು ಕಣಮ್ಮ. ಕಸಕ್ಕೆ ಹಾಕಿದ್ರೆ ತವರಿಗೆ ಒಳ್ಳೇದಾಗುತ್ತಾ?"

"ಬೆಲ್ಟ್ ಬಿಚ್ಚಿ, ಪ್ಯಾಂಟು ಕೈಲಿ ಹಿಡ್ಕೊಂಡು ನಿಂತಿದೀನಮ್ಮ, ಬೇಗ ಮುಗಿಸಿ!" ಎಂದು ಹಿಂದಿದ್ದ ಗಂಡಸು ಗೊಣಗಿದ.

ಹೆಂಗಸು ಒಂದು ಕ್ಷಣ ಯೋಚಿಸಿದಳು. ಪರ್ಸಿನಿಂದ ಕುಂಕುಮ ತೆಗೆದು ಹುಡುಗಿಯ ಹಣೆಗಿಟ್ಟು, ಕಾಯಿಯನ್ನು ಅವಳ ಕೈಗೇ ಕೊಟ್ಟಳು. "ಹಾಗಾದ್ರೆ ನಿನ್ನ ಮಡಿಲೇ ತುಂಬಿದೀನಿ ತಗೋ. ಗಂಡ, ಮಕ್ಕಳ ಜೊತೆ ತಣ್ಣಗಿರು."

ಹುಡುಗಿ ನಿಟ್ಟುಸಿರಿಟ್ಟು, ಆ ಕಾಯಿಯನ್ನು ಮೇಜಿನ ಕೆಳಗಿದ್ದ ರಾಶಿಗೆ ಸೇರಿಸಿದಳು.

"ಬೆಳಿಗ್ಗೆಯಿಂದ ಇದು ಒಂಬತ್ತನೇ ಕಾಯಿ ಅಕ್ಕಾ. ನನಗಿನ್ನೂ ಮದುವೆನೇ ಆಗಿಲ್ಲ."