ಕ್ಲೆಮ್ ಹೆಸರಿನ ಕುಂಬಳಕಾಯಿ

ಸಿಪ್ಪೆಯ ಬಕೆಟ್ಟಿನಲ್ಲಿ ಸತ್ತ ಮಾವನ ಹೆಸರು ಕಂಡೊಡನೆ ರೋಂಡಾ ಚಾಕು ಕೆಳಗಿಟ್ಟಳು.

ಒಂದು ತುಂಡಿನಲ್ಲಿ ಅರ್ಧ ಹೆಸರು, ಇನ್ನೊಂದರಲ್ಲಿ ಉಳಿದರ್ಧ. ಜೋಡಿಸಿ ನೋಡಿದಳು. ಕ್ಲೆಮ್. ಬೆರಳಾಡಿಸಿದರೆ ಅಕ್ಷರಗಳು ತಾಗಲೇ ಇಲ್ಲ. ಕೈಗೆ ಮೆತ್ತಿದ ಎಣ್ಣೆಯಿಂದಿರಬೇಕು.

ಒಲೆಯ ಮೇಲೆ ಸೂಪು ಕುದಿಯುತ್ತಿತ್ತು. ಕುಂಬಳಕಾಯಿ, ಬೆಳ್ಳುಳ್ಳಿ, ಹುರಿದ ಹಂದಿಮಾಂಸದ ಚೂರುಗಳು. ಬೀಜಗಳು ಉಪ್ಪುಖಾರ ಹಚ್ಚಿಕೊಂಡು ಓವನ್ನಿನಲ್ಲಿ ಆಗಲೇ ಗರಿಗರಿಯಾಗಿದ್ದವು. ಹಸಿಯಾಗಿ ಒಂದೂ ಉಳಿದಿರಲಿಲ್ಲ.

ಹಿಂದಿನ ವರಾಂಡದಲ್ಲಿ ಎರಡು ಕಾಯಿಗಳಿದ್ದವು. ಒಂದು, ಹ್ಯಾಲೋವೀನ್ ಊಟಕ್ಕೆಂದು ಅವಳೇ ದಾರಿಬದಿಯ ಅಂಗಡಿಯಿಂದ ತಂದದ್ದು. ಇನ್ನೊಂದು, ಅತ್ತೆ ಒಪಲ್ ಮೊನ್ನೆ ತೋಟದಿಂದ ತಂದು ಹೆಸರನ್ನು ಗೋಡೆಯ ಕಡೆ ತಿರುಗಿಸಿ ಇಟ್ಟದ್ದು. ನೋಡಲು ಎರಡೂ ಅವಳಿಜವಳಿ. ಅವಸರದಲ್ಲಿ ರೋಂಡಾ ಕೈಗೆ ಸಿಕ್ಕಿದ್ದನ್ನು ಕೊಯ್ದಿದ್ದಳು.

ಅದು ಕ್ಲೆಮ್ ನಲವತ್ತು ವರ್ಷ ಕಾಪಾಡಿಕೊಂಡು ಬಂದ ತಳಿ. ಪ್ರತಿ ಜುಲೈನಲ್ಲಿ ಮುಷ್ಟಿಗಾತ್ರದ ಮಿಡಿಯ ಮೇಲೆ ಮೊಳೆಯಿಂದ ತನ್ನ ಹೆಸರು ಗೀರುತ್ತಿದ್ದ. ಕಾಯಿ ಬೆಳೆದಂತೆ ಅಕ್ಷರಗಳೂ ಹಗ್ಗದ ಹಾಗೆ ಉಬ್ಬುತ್ತಿದ್ದವು. ಹ್ಯಾಲೋವೀನಿಗೆ ಅದು ಮುಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿತ್ತು. ಮರುದಿನ ಒಡೆದು ಬೀಜ ತೆಗೆದಿಡುತ್ತಿದ್ದರು. ಅವನು ತೀರಿಕೊಂಡ ಮೇಲೆ ಬೀಜದ ಡಬ್ಬಿಗೆ ಬೂಸು ಹಿಡಿಯಿತು. ಈ ವರ್ಷ ಬದುಕಿದ್ದು ಒಂದೇ ಬಳ್ಳಿ, ಬಿಟ್ಟಿದ್ದು ಒಂದೇ ಕಾಯಿ. ಈ ಸಲ ಹೆಸರು ಗೀರಿದ್ದು ಒಪಲ್. ಒಂದೇ ಮಗ್ಗುಲಿಗೆ ಚಪ್ಪಟೆಯಾಗಬಾರದೆಂದು ದಿನಾ ಅದನ್ನು ತಾನೇ ಹೊರಳಿಸುತ್ತಿದ್ದಳು. ಆಗಸ್ಟಿನ ನಂತರವಂತೂ ಗೋಣಿ ಹೊದಿಸಿ, ಮಗನನ್ನೂ ಹತ್ತಿರ ಬಿಟ್ಟಿರಲಿಲ್ಲ.

ಅಂಥದ್ದನ್ನು ತಾನು ಸೂಪು ಮಾಡಿ ಕೂತಿದ್ದಳು.

ಒಪಲ್ ಚರ್ಚಿನಿಂದ ಬರಲು ಇನ್ನೂ ಒಂದು ಗಂಟೆ ಇತ್ತು. ರೋಂಡಾ ಮೊಳೆ ಹುಡುಕಿ, ಉಳಿದ ಕಾಯಿಯ ಮೇಲೆ ಕ್ಲೆಮ್‌ನ ಹೆಸರು ಗೀರಿದಳು. ಹಸಿ ಗೀರು ಮಿರಮಿರ ಮಿಂಚಿತು. ಬೆಳಗಿನ ಕಾಫಿಯ ಗಸಿ ತಂದು ತಿಕ್ಕಿದಳು. ದೂರದಿಂದ ಪರವಾಗಿಲ್ಲ ಅನ್ನಿಸಿತು. ಹೇಗೂ ಮುದುಕಿಯ ಕಣ್ಣು ಮಂಜು. ಹಾಗೆಂದುಕೊಂಡದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಐದು ಗಂಟೆಗೆ ಒಪಲ್ ಬಂದಳು. ಮೆಟ್ಟಿಲ ಬಳಿ ಬಹಳ ಹೊತ್ತು ನಿಂತಳು.

“ಇದನ್ನ ಯಾರು ಇಲ್ಲಿ ತಂದಿಟ್ಟಿದ್ದು?”

“ನಾನೇ ಅಮ್ಮಾ. ಭಾರ ಅಲ್ವಾ, ನೀವ್ಯಾಕೆ ಎತ್ತಬೇಕು ಅಂತ.”

“ಹತ್ತಿರದಿಂದ ನೋಡಿದ್ಯಾ?”

“ನೋಡ್ದೆ.”

“ಏನೂ ಅನ್ನಿಸ್ಲಿಲ್ವಾ?”

ರೋಂಡಾ ಬಾಗಿಲು ತೆರೆದು ಹಿಡಿದಳು. “ಚೆನ್ನಾಗಿ ಬಂದಿದೆ ಅನ್ನಿಸ್ತು.”

ಒಪಲ್ ಒಳಗೆ ಹೋದಳು.

ಊಟಕ್ಕೆ ಮೂವರೂ ಕೂತರು. ರೋಂಡಾಳ ಗಂಡ ಡೇಲ್ ವೇಷದ ಮಕ್ಕಳಿಗೆ ಹಂಚುವ ಮಿಠಾಯಿ ಬುಟ್ಟಿಯನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದ.

“ಅಮ್ಮಾ, ಆ ಕರಿ ಬೆರಳು ತೋರ್ಸಿದ್ರೆ ಸಾಕು, ನಿಂಗೆ ಮಾಟಗಾತಿ ವೇಷಾನೇ ಬೇಡ. ಬಂದ ಮಕ್ಕಳೆಲ್ಲ ಮಿಠಾಯಿ ಬಿಟ್ಟು ಓಡ್ತಾವೆ.”

“ಅಕ್ರೋಟು ಸುಲಿದ ಬಣ್ಣ ಕಣೋ. ಅಷ್ಟು ಬೇಗ ಹೋಗುತ್ತಾ?” ಎಂದು ಒಪಲ್ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡಳು. ಹಿತ್ತಲಿನ ಮರದ ಅಕ್ರೋಟಿನ ಹಸಿ ಸಿಪ್ಪೆ ಸುಲಿದು ಪ್ರತಿ ಅಕ್ಟೋಬರಿನಲ್ಲೂ ಅವಳ ಬೆರಳು ಹಾಗೇ ಆಗುತ್ತಿದ್ದವು.

ಒಪಲ್ ಎರಡು ಬಟ್ಟಲು ಸೂಪು ಕುಡಿದಳು. ಹುರಿದ ಬೀಜಗಳನ್ನು ಕಟಕಟ ಜಗಿದಳು. ಕ್ಲೆಮ್‌ನ ಕಾಯಿಯ ಒಂದೇ ಒಂದು ಬೀಜ ಯಾರ ಬಾಯಿಗೂ ಹೋಗಲು ಬಿಡದ ಹೆಂಗಸು ಅವಳು. ರೋಂಡಾ ತನ್ನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

“ಬೀಜ ಸಣ್ಣವು. ಅಂಗಡೀವು ಹೀಗೇ,” ಎಂದಳು ಒಪಲ್.

ಹೌದು, ಸಣ್ಣವೇ. ಕ್ಲೆಮ್‌ನ ಬೀಜಗಳು ಹೆಬ್ಬೆರಳ ಉಗುರಿನಷ್ಟು ಅಗಲ ಇರುತ್ತಿದ್ದವು. ಈ ವರ್ಷದ ಮಳೆಗೆ ಹೀಗಾಗಿರಬೇಕೆಂದುಕೊಂಡು ರೋಂಡಾ ತಲೆ ತಗ್ಗಿಸಿದಳು.

“ಈ ಸಲ ಊರಲ್ಲಿ ಕುಂಬಳಕಾಯಿ ಕಳ್ಳರು ಜಾಸ್ತಿಯಂತೆ,” ಎಂದ ಡೇಲ್. “ಮೆಟ್ಟಿಲ ಮೇಲಿಟ್ಟಿದ್ದನ್ನೇ ಎತ್ಕೊಂಡು ಹೋಗ್ತಾರಂತೆ.”

ರೋಂಡಾಳ ಕೈ ತಾನಾಗಿ ಹೆಗಲಿಗೆ ಹೋಯಿತು. ಎದುರಿಗೆ ಒಪಲ್ ಕೂಡ ಹೆಗಲ ಮೇಲಿನ ಶಾಲನ್ನು ಸರಿಮಾಡಿಕೊಂಡಳು. ಸಂಜೆಯ ಚಳಿ ಇತ್ತು.

“ನಾಳೆ ಬೀಜ ತೆಗೆದು ಒಣಗಿಸೋಣಮ್ಮಾ. ಬೇರೆ ಏನು ಹೋದ್ರೂ ಅಪ್ಪನ ತಳಿ ಒಂದು ಉಳೀತಲ್ಲ.” ಡೇಲ್ ಕಿಟಕಿಯಾಚೆ ಮೆಟ್ಟಿಲ ಕಡೆ ನೋಡಿದ.

ಬಾಗಿಲ ಗಂಟೆ ಹೊಡೆಯಿತು. ಹೊರಗೆ ಮಕ್ಕಳ ಕಿರುಚಾಟ. ಡೇಲ್ ಬುಟ್ಟಿ ಎತ್ತಿಕೊಂಡು ಹೋದ.

ಇನ್ನು ತಡೆದುಕೊಳ್ಳಲು ರೋಂಡಾಳಿಂದ ಆಗಲಿಲ್ಲ.

“ಅಮ್ಮಾ, ನೀವು ಕುಡಿದಿದ್ದು ಮಾವನ ಕಾಯಿ. ಗೊತ್ತಾಗದೆ ಕೊಯ್ದುಬಿಟ್ಟೆ. ಬೀಜಾನೂ ಹುರಿದುಬಿಟ್ಟೆ. ಹೊರಗಿರೋದು ನಾನು ಅಂಗಡಿಯಿಂದ ತಂದಿದ್ದು. ಮೊಳೆಯಲ್ಲಿ ಹೆಸರು ಗೀರಿ, ಹಳೇದರ ಹಾಗೆ ಕಾಣ್ಲಿ ಅಂತ ಕಾಫಿ ಗಸಿ ತಿಕ್ಕಿದೀನಿ. ನನ್ನ ಬೈರಿ, ಹೊಡೀರಿ, ಡೇಲ್‌ಗೆ ಏನು ಹೇಳಲಿ ಹೇಳಿ.”

ಒಪಲ್ ಜಗಿಯುವುದು ನಿಂತಿತು. ಬಟ್ಟಲಿನಲ್ಲಿ ಉಳಿದಿದ್ದ ಸಣ್ಣ ಬೀಜಗಳನ್ನು ನೋಡಿದಳು. ಮಗ ದೂರವಿದ್ದಾನೆಯೇ ಎಂದು ಬಾಗಿಲ ಕಡೆ ನೋಡಿದಳು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಬಚ್ಚಿಟ್ಟಿದ್ದ ಕೈಯನ್ನು ಹೊರತೆಗೆದು ಸೊಸೆಯ ಕೈಯ ಮೇಲಿಟ್ಟಳು.

“ಕಾಫಿ ಬಣ್ಣ ನಿಲ್ಲಲ್ಲ ಕಣೇ. ಆಗಸ್ಟಲ್ಲಿ ಹೊರಳಿಸೋವಾಗ ನನ್ನ ಕೈಯಲ್ಲೇ ತೊಟ್ಟು ಮುರಿದು ಅವನ ಕಾಯಿ ಕೊಳೆತು ಹೋಯ್ತು; ಅಂಗಡಿ ಕಾಯಿಗೆ ಹೆಸರು ಗೀರಿ ನಾನು ಅಕ್ರೋಟು ಸಿಪ್ಪೆ ಉಜ್ಜಿದ್ದೆ.”