ಹನ್ನೊಂದೂವರೆಯ ಗುಟ್ಟು

ತೂಕದ ಯಂತ್ರ ಹತ್ತುವ ಮೊದಲು ಹುಡುಗಿ ಚಪ್ಪಲಿ ಬಿಟ್ಟಳು, ಬೆಲ್ಟ್ ಬಿಚ್ಚಿದಳು. ತಲೆಯ ಕ್ಲಿಪ್ಪನ್ನೂ ತೆಗೆದು ಅಪ್ಪನ ಕೈಗಿಟ್ಟು ಉಸಿರು ಬಿಗಿಹಿಡಿದು ನಿಂತಳು. ಮುಳ್ಳು ಮಾತ್ರ ಯಾವ ಮುಲಾಜೂ ಇಲ್ಲದೆ ತನ್ನ ಜಾಗಕ್ಕೆ ಹೋಗಿ ನಿಂತಿತು. ಒಂಬತ್ತು ವರ್ಷದವಳಿಗೆ ಹದಿಮೂರರ ತೂಕ.

"ಆರು ತಿಂಗಳಿಂದ ಸಿಹಿ ನಿಲ್ಲಿಸಿದೀನಿ ಡಾಕ್ಟ್ರೇ, ಎರಡನೇ ಸಲ ಬಡಿಸೋದೂ ಬಿಟ್ಟಿದೀನಿ. ಗಾಳಿ ಕುಡಿದ್ರೂ ಊದ್ತಾಳೆ" ಎಂದಳು ತಾಯಿ. "ಈಗ ಶಾಲೆಗೇ ಹೋಗಲ್ಲ ಅಂತ ಹಟ. ಕ್ಲಾಸಿನ ಮಕ್ಕಳು 'ಡಬಲ್ ಟಿಕೆಟ್' ಅಂತ ಕರೀತಾವಂತೆ."

ಬಸ್ ಡ್ರೈವರನ ಮಗಳಿಗೆ ಹುಡುಕಿ ಹುಡುಕಿ ಇಟ್ಟ ಹೆಸರು. ಅಪ್ಪ ಕೈಯಲ್ಲಿದ್ದ ಕ್ಲಿಪ್ಪನ್ನೇ ನೋಡುತ್ತ ಕೂತ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ರಾತ್ರಿ ಎಷ್ಟು ಗಂಟೆಗೆ ಮಲಗ್ತೀಯಾ ಮರಿ?"

"ಒಂಬತ್ತಕ್ಕೆ" ಎಂದಳು ಹುಡುಗಿ ಥಟ್ಟನೆ. ಎಂದವಳು ಓರೆಗಣ್ಣಿನಲ್ಲಿ ಅಪ್ಪನನ್ನು ನೋಡಿದಳು. ಹೆದರಬೇಡ, ನಾನು ಬಾಯಿ ಬಿಡಲ್ಲ ಎನ್ನುವ ನೋಟ ಅದು.

ಅವನ ಕೊನೆಯ ಟ್ರಿಪ್ಪು ಮುಗಿದು, ಬಸ್ಸನ್ನು ಡಿಪೋಗೆ ಬಿಟ್ಟು ಮನೆ ಸೇರುವಾಗ ಹನ್ನೊಂದೂವರೆ. ಹೆಂಡತಿಗೆ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸ. ನಸುಕಿನಲ್ಲೇ ಏಳಬೇಕಾದ ಅವಳು ಒಂಬತ್ತಕ್ಕೆ ದಿಂಬಿಗೆ ತಲೆ ಕೊಟ್ಟಳೆಂದರೆ ಮನೆ ಹೊತ್ತಿ ಉರಿದರೂ ಗೊತ್ತಾಗದು. ಅವಳ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ಬಿದ್ದಿರುತ್ತಿದ್ದ ಮಗಳು, ಬೀಗದಲ್ಲಿ ಕೀಲಿ ತಿರುಗಿದ ಸದ್ದಿಗೆ ಬೆಕ್ಕಿನ ಹೆಜ್ಜೆಯಿಟ್ಟು ಅಡುಗೆಮನೆಗೆ ಬರುತ್ತಿದ್ದಳು. ಅವನಿಗೆ ಊಟ, ಅವಳಿಗೆ ನಾಲ್ಕು ಬಿಸ್ಕತ್ತು, ಇಬ್ಬರಿಗೂ ಪಿಸುಮಾತು. ಬೆಳಗ್ಗೆ ಅವನು ಏಳುವಷ್ಟರಲ್ಲಿ ಅವಳು ಶಾಲೆಯಲ್ಲಿ. ಭಾನುವಾರದ ಬೆಳಗೂ ವಾರದ ರಜೆಯೂ ಅವನಿಗೆ ಓವರ್‌ಟೈಮಿನಲ್ಲೇ ಕಳೆಯುತ್ತಿದ್ದವು. ಎರಡು ವರ್ಷದಿಂದ ಅಪ್ಪ ಮಗಳ ಸಂಸಾರವೆಲ್ಲ ಆ ಅರ್ಧ ಗಂಟೆಯಲ್ಲೇ ನಡೆದಿತ್ತು.

"ಸುಳ್ಳು ಡಾಕ್ಟ್ರೇ" ಎಂದ ಅವನು, ತಲೆಯೆತ್ತದೆ. "ಹನ್ನೆರಡಾಗುತ್ತೆ. ನನಗೋಸ್ಕರ ಕಾಯ್ತಾಳೆ. ನಾನೂ ಬೇಡ ಅನ್ನಲಿಲ್ಲ."

ಹೆಂಡತಿ ಅವನ ಕಡೆ ತಿರುಗಿದಳು. ಬೈಗುಳ ತುದಿನಾಲಿಗೆಯವರೆಗೆ ಬಂದಿತ್ತು. ಆದರೆ ಬಾಯಿಂದ ಹೊರಟದ್ದು ಬೇರೆ. "ನಾನು ಮಗು ಮುಂದಿಂದ ತಟ್ಟೆ ಎತ್ತಿಕೊಂಡು ಹೋಗ್ತಿದ್ದೆನಲ್ರೀ..."

"ಯಾರದ್ದೂ ತಪ್ಪು ಹುಡುಕೋದು ಬೇಡ" ಎಂದರು ಡಾಕ್ಟರಮ್ಮ. "ತೂಕಕ್ಕೆ ಊಟ ಒಂದೇ ಕಾರಣ ಅಲ್ಲಮ್ಮ. ನಿದ್ದೆ ಸಾಲದ ಮಕ್ಕಳಿಗೆ ಹಸಿವು ಜಾಸ್ತಿ, ಓಡಿ ಆಡೋ ಚೈತನ್ಯ ಕಮ್ಮಿ. ಈ ವಯಸ್ಸಿಗೆ ಹತ್ತು ಗಂಟೆ ನಿದ್ದೆ ಬೇಕು, ಇವಳಿಗೆ ಆರೂ ಸಿಗ್ತಿಲ್ಲ. ಮೊದಲು ಅದನ್ನ ಸರಿ ಮಾಡಿ, ಮೂರು ತಿಂಗಳು ಬಿಟ್ಟು ಕರಕೊಂಡು ಬನ್ನಿ."

ಹುಡುಗಿ ಬಿಕ್ಕಿದಳು. "ನಾನು ಮಲಗಿಬಿಟ್ರೆ ಅಪ್ಪನ್ನ ಯಾವಾಗ ನೋಡ್ಲಿ?"

ಅಪ್ಪ ಕೈಯಲ್ಲಿದ್ದ ಕ್ಲಿಪ್ಪನ್ನು ಅವಳ ತಲೆಗೆ ಮತ್ತೆ ಸಿಕ್ಕಿಸಿದ.

ಅಂದೇ ಡ್ಯೂಟಿಗೆ ಹೋದ ಅಪ್ಪ ಬೆಳಗಿನ ಪಾಳಿ ಕೇಳಿದ್ದಕ್ಕೆ ಡಿಪೋದ ಮೇಲ್ವಿಚಾರಕ, "ನಿನ್ನ ಸರದಿ ಬರೋಕೆ ಇನ್ನೂ ಒಂದು ವರ್ಷ ಬೇಕು ಮಾರಾಯಾ" ಎಂದ. ಆ ರಾತ್ರಿ ಅವನು ಕೀಲಿಯನ್ನು ಸದ್ದಾಗದಂತೆ ತಿರುಗಿಸಿದ. ಮಗಳು ಮಲಗಿದ್ದಳು, ಅವಳ ಮೇಲೆ ತಾಯಿಯ ತೋಳು ಬೇಲಿಯಂತೆ ಬಿದ್ದಿತ್ತು. ಅಡುಗೆಮನೆಯಲ್ಲಿ ಒಬ್ಬನೇ ಕೂತು ಉಂಡು, ಬಿಸ್ಕತ್ತಿನ ಡಬ್ಬಿಯನ್ನು ಅಟ್ಟಕ್ಕೆ ಸರಿಸಿಟ್ಟ.

ಮರುದಿನ ಆರು ಗಂಟೆಗೆ ಅವನು ಕಣ್ಣುಜ್ಜಿಕೊಳ್ಳುತ್ತ ಎದ್ದು ಬಂದದ್ದು ನೋಡಿ ಹೆಂಡತಿಯ ಕೈಯಿಂದ ಸೌಟು ಜಾರಿತು.

"ರೀ, ಮೈ ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಶಾಲೆ ವ್ಯಾನು ಬೇಡ ಅನ್ನು, ನಡ್ಕೊಂಡು ಹೋಗ್ತೀವಿ. ಡ್ಯೂಟಿ ಇರೋದು ಎರಡಕ್ಕೆ, ವಾಪಸ್ ಬಂದು ಮಲಗಿದ್ರಾಯ್ತು."

ದಾರಿಯುದ್ದಕ್ಕೂ ಮಗಳು ಬಾಯಿ ಮುಚ್ಚಲಿಲ್ಲ. ಪಿಸುಗುಟ್ಟುವ ಹಂಗಿಲ್ಲದ ಅವಳ ದನಿ ಇಷ್ಟು ದೊಡ್ಡದೆಂದು ಅವನಿಗೆ ತಿಳಿದಿರಲಿಲ್ಲ. ತಿರುವಿನಲ್ಲಿ ಎಳೆಬಿಸಿಲು ಮುಖಕ್ಕೆ ಬಿದ್ದಾಗ ಅವಳ ಹುಬ್ಬಿನ ಮೇಲೊಂದು ಸಣ್ಣ ಕಲೆ ಕಂಡು ಗಕ್ಕನೆ ನಿಂತ.

"ಇದು ಯಾವಾಗ ಆಯ್ತೇ?"

"ಹೋದ ವರ್ಷಾನೇ ಅಪ್ಪಾ. ಜಾರುಬಂಡೇಲಿ ಬಿದ್ದಿದ್ದು, ಹೇಳಿದ್ನಲ್ಲ."

ಹೇಳಿದ್ದಳು. ಅಡುಗೆಮನೆಯ ಮಂಕು ದೀಪದಲ್ಲಿ ಅವನಿಗೆ ಕಂಡಿರಲಿಲ್ಲ. ಹೆಬ್ಬೆರಳಿನಿಂದ ಅದನ್ನೊಮ್ಮೆ ಸವರಿ, ಅವಳ ಚೀಲವನ್ನು ತನ್ನ ಹೆಗಲಿಗೇರಿಸಿಕೊಂಡ.

ಶಾಲೆಯ ಗೇಟಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಗಳ ಕಿವಿಯಲ್ಲಿ ಕೇಳಿದಳು, "ಇವರ್ಯಾರೇ?"

"ನಮ್ಮಪ್ಪ ಕಣೇ" ಎಂದಳು ಮಗಳು, ಗೇಟಿನಲ್ಲಿದ್ದವರಿಗೆಲ್ಲ ಕೇಳುವಂತೆ. "ಇವತ್ತಿಂದ ಹಗಲು ಹೊತ್ತೂ ಇರ್ತಾರೆ."